ಕೆಂಪು ಪಟ್ಟಿಯ ಹಾಲು

ಡೈರಿಯ ಕೊಟ್ಟಿಗೆಯಲ್ಲಿ ಅವಳಿಗೆ ಬಿದ್ದಿದ್ದ ಹೆಸರು ಮೋರಿ ಅಕ್ಕ. ಎದುರಿಗೆ ಹಾಗೆ ಕರೆಯುವಷ್ಟು ಗಂಡೆದೆ ಯಾರಿಗೂ ಇರಲಿಲ್ಲ. ಎದುರಿಗೆ ಬರೀ ಅಕ್ಕ, ಬೆನ್ನು ತಿರುಗಿಸಿದರೆ ಮೋರಿ. ಹೆಸರು ಸುಮ್ಮನೆ ಬಂದದ್ದಲ್ಲ. ಒಂದು ಬಕೆಟ್ ಹಾಲಿನ ಮೇಲೆ ಎಳ್ಳಷ್ಟು ಅನುಮಾನ ಬಂದರೂ ಸಾಕು, ಅವಳು ಅದನ್ನೆತ್ತಿ ಸೀದಾ ಮೋರಿಗೆ ಸುರಿಯುತ್ತಿದ್ದಳು. ಸುರಿಯುವಾಗ ಮುಖದಲ್ಲಿ ಅಯ್ಯೋ ಎನ್ನುವ ಗೆರೆಯೊಂದೂ ಮೂಡುತ್ತಿರಲಿಲ್ಲ. ನೋಡುತ್ತಾ ನಿಂತವರ ಹೊಟ್ಟೆಯಷ್ಟೇ ಚುರುಕ್ಕೆನ್ನುತ್ತಿತ್ತು.

ಕೊಟ್ಟಿಗೆ ಎಂದರೆ ನಾಲ್ಕು ಹಸು ಕಟ್ಟಿದ ಹುಲ್ಲಿನ ಮಾಡು ಅಲ್ಲ. ತಗಡಿನ ಉದ್ದನೆಯ ಶೆಡ್ಡು, ನಡುವೆ ಸೊಂಟದಷ್ಟು ಆಳದ ಕಾಲುವೆ. ಆ ಕಾಲುವೆಯೊಳಗೆ ಕರೆಯುವವರು, ಎರಡೂ ಬದಿಯ ಕಟ್ಟೆಯ ಮೇಲೆ ಹಿಂಭಾಗ ತಿರುಗಿಸಿ ನಿಂತ ಹಸುಗಳು. ಹೀಗಾಗಿ ಕೆಚ್ಚಲು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಬಾಲದ ಏಟು ಸರಿಯಾಗಿ ಕೆನ್ನೆಯ ಮಟ್ಟಕ್ಕೆ ಬರುತ್ತದೆ. ಕರೆಯುವುದು ಯಂತ್ರವೇ ಆದರೂ ಮೊದಲ ನಾಲ್ಕಾರು ಧಾರೆಯನ್ನು ಕೈಯಲ್ಲೇ ಕರೆದು ಕಪ್ಪು ಬಟ್ಟಲಿನಲ್ಲಿ ನೋಡಬೇಕು. ಗಂಟು ಕಂಡರೆ ಆ ಹಸುವಿಗೆ ಕೆಚ್ಚಲು ಬಾವು. ಪಶುವೈದ್ಯರು ಬಂದು ಸೂಜಿ ಚುಚ್ಚುತ್ತಾರೆ, ಕರೆಯುವವರು ಅವಳ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟುತ್ತಾರೆ. ಔಷಧಿ ಮೈಯಿಂದ ಇಳಿಯುವವರೆಗೆ ಪಟ್ಟಿಯವಳ ಹಾಲು ಎಲ್ಲ ಹಸುಗಳ ಹಾಲು ಕೂಡುವ ದೊಡ್ಡ ತೊಟ್ಟಿಗೆ ಹೋಗುವಂತಿಲ್ಲ. ಎಷ್ಟು ದಿನ ಎಂದು ವೈದ್ಯರು ಹೇಳಿ ಹೋಗುತ್ತಾರೆ. ಅಕ್ಕ ತನ್ನ ಲೆಕ್ಕದಲ್ಲಿ ಒಂದು ದಿನ ಸೇರಿಸುತ್ತಾಳೆ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಈ ಕಟ್ಟುನಿಟ್ಟಿಗೆ ಒಂದು ಹಿನ್ನೆಲೆ ಇತ್ತು. ಅಕ್ಕ ಇನ್ನೂ ಸಗಣಿ ಬಾಚುವ ಹುಡುಗಿಯಾಗಿದ್ದಾಗ, ಕರೆಯುವ ಹಿರಿಯನೊಬ್ಬ ಪಟ್ಟಿ ಕಟ್ಟುವುದನ್ನು ಮರೆತ. ಔಷಧಿಯ ಹಾಲು ತೊಟ್ಟಿಗೆ ಸೇರಿತು, ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಇಡೀ ತೊಟ್ಟಿಯ ಹಾಲನ್ನು ಚೆಲ್ಲಿಬಿಟ್ಟರು. ಅದು ಗೇಟು ದಾಟಿ ರಸ್ತೆಯಂಚಿನವರೆಗೆ ಬೆಳ್ಳಗೆ ಹರಿಯಿತು. ಆ ಹಿರಿಯ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತದ್ದನ್ನು ಅವಳು ಕಣ್ಣಾರೆ ಕಂಡಳು. ಅವನ ಜಾಗ ಅವಳಿಗೆ ಸಿಕ್ಕಿತು, ಅವನ ರಬ್ಬರ್ ಬೂಟೂ ಸಿಕ್ಕಿತು, ಎರಡು ಅಳತೆ ದೊಡ್ಡದು. ಬಟ್ಟೆ ತುರುಕಿಕೊಂಡು ಅದನ್ನೇ ಹಾಕಿಕೊಂಡು ದುಡಿದಳು. ಮುಂದೆ ಶೆಡ್ಡಿನ ಮೇಲ್ವಿಚಾರಕಿಯಾದಳು. ಅಂದಿನಿಂದ ಇಂದಿನವರೆಗೆ ಅವಳ ಶೆಡ್ಡಿನಿಂದ ಕೆಟ್ಟ ಹಾಲು ಒಂದು ತೊಟ್ಟೂ ಹೊರಗೆ ಹೋಗಿಲ್ಲ. ಈ ಒಂದು ವಿಷಯದಲ್ಲಿ ಅವಳಿಗೆ ಜಂಬವಿತ್ತು, ಅದನ್ನು ಅವಳು ಮುಚ್ಚಿಟ್ಟುಕೊಳ್ಳುತ್ತಲೂ ಇರಲಿಲ್ಲ.

ಅವಳ ಬದುಕಿನಲ್ಲಿ ಇನ್ನೊಂದು ಜಂಬವಿತ್ತು, ಅದು ತಂಗಿ. ತಾಯಿ ತೀರಿಕೊಂಡಾಗ ತಂಗಿ ಇನ್ನೂ ತೊಟ್ಟಿಲ ಕೂಸು. ಅಪ್ಪ ಕೈಚೆಲ್ಲಿ ಕೂತ. ಆಗ ಅಕ್ಕನಿಗೇ ಎರಡು ಜಡೆ. ಅವಳೇ ಬಾಟಲಿ ತೊಳೆದು, ಹಾಲು ಕಾಯಿಸಿ, ಮಣಿಕಟ್ಟಿಗೆ ಹನಿಸಿ ಬಿಸಿ ನೋಡಿ, ಕೂಸನ್ನು ಬೆಳೆಸಿದಳು. ಮದುವೆಯ ಮಾತು ಬಂದಾಗಲೆಲ್ಲ ತಂಗಿಯ ನೆಪ ಹೇಳಿ ತಳ್ಳುತ್ತಾ ಹೋದಳು. ಕೊನೆಗೆ ಕೇಳುವವರೇ ಸುಸ್ತಾದರು. ತಂಗಿ ಬೆಳೆದು, ಚಪ್ಪಲಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಹಿಡಿದು, ಹಾಲಿನ ಟ್ಯಾಂಕರ್ ಓಡಿಸುವವನನ್ನು ಮೆಚ್ಚಿ ಮದುವೆಯಾದಳು. ಅಕ್ಕನ ಶೆಡ್ಡಿನಿಂದಲೇ ಹಾಲು ಒಯ್ಯುತ್ತಿದ್ದ ಹುಡುಗ. ತನ್ನ ಮೂಗಿನಡಿಯಲ್ಲೇ ನಡೆದ ವ್ಯವಹಾರ ತನಗೇ ಗೊತ್ತಾಗಲಿಲ್ಲವಲ್ಲ ಎಂದು ಅಕ್ಕ ಬಹಳ ದಿನ ಗೊಣಗಿದಳು. ಆದರೂ ಹೆರಿಗೆಗೆ ತಂಗಿ ಬಂದದ್ದು ಅಕ್ಕನ ಮನೆಗೇ; ಗಂಡ ಟ್ಯಾಂಕರಿನ ಜೊತೆ ದಿನಗಟ್ಟಲೆ ದಾರಿಯಲ್ಲೇ ಇರುತ್ತಿದ್ದ.

ಈ ಕತೆಯ ಬೀಜ ಬಿದ್ದದ್ದು ತಂಗಿ ಬಸುರಿಯಾಗಿದ್ದ ಮೊದಲ ತಿಂಗಳುಗಳಲ್ಲಿ. ಹೇಳಿಕೊಳ್ಳಲು ನಾಚಿಕೆಯಾಗುವ ಜಾಗದಲ್ಲಿ ಅವಳಿಗೆ ತುರಿಕೆ ಶುರುವಾಯಿತು, ಬಿಳಿಯ ಸ್ರಾವವಿತ್ತು. ಅಂಗಡಿಯಲ್ಲಿ ಜೊತೆಗಿದ್ದವಳು, ತಾನು ಒಂದೇ ಮಾತ್ರೆಯಲ್ಲಿ ವಾಸಿಯಾದೆ ಎಂದು ಅದರ ಹೆಸರನ್ನೂ ಹೇಳಿದ್ದಳು: ಫ್ಲುಕೊನಜೋಲ್. ಪುಣ್ಯಕ್ಕೆ ತಂಗಿ ಅದನ್ನು ಕೊಂಡು ನುಂಗುವ ಮೊದಲು ಅಕ್ಕನಿಗೆ ಹೇಳಿದಳು. ಅಕ್ಕ ಅವಳ ಕೈ ಹಿಡಿದು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ಅಲ್ಲಿಯ ನರ್ಸು ಕಡ್ಡಿ ಮುರಿದಂತೆ ಹೇಳಿದಳು: ಬಸುರಿಗೆ ಆ ಮಾತ್ರೆ ಬೇಡ, ಅದರಲ್ಲೂ ಮಗುವಿನ ಅಂಗಾಂಗ ಮೂಡುವ ಮೊದಲ ತಿಂಗಳುಗಳಲ್ಲಿ ಬೇಡವೇ ಬೇಡ. ಗರ್ಭಕ್ಕೆ ಅಪಾಯವಾಗಬಹುದು ಎಂಬ ಅನುಮಾನವಿದೆ. ಅದೇ ಸೋಂಕಿಗೆ ಒಳಗೆ ಇಟ್ಟುಕೊಳ್ಳುವ ಮಾತ್ರೆ, ಹಚ್ಚುವ ಮುಲಾಮು ಇದೆ, ಕ್ಲೋಟ್ರಿಮಜೋಲ್ ಎಂದು. ಅದು ಹಚ್ಚಿದಲ್ಲೇ ಉಳಿಯುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಒಂದು ವಾರ ಬಳಸಿದರೆ ಸಾಕು. ಹಾಗೇ ಆಯಿತು, ತಂಗಿಗೆ ವಾಸಿಯಾಯಿತು.

ತಂಗಿ ಅದನ್ನು ಅಲ್ಲಿಗೇ ಮರೆತಳು. ಅಕ್ಕ ಮರೆಯಲಿಲ್ಲ. ಔಷಧಿಗಳ ಹೆಸರುಗಳು ಅವಳ ತಲೆಯಲ್ಲಿ ಕಲ್ಲಿನಲ್ಲಿ ಕೊರೆದಂತೆ ಕೂರುತ್ತಿದ್ದವು, ಅದು ಶೆಡ್ಡು ಕಲಿಸಿದ ಪಾಠ. ಫ್ಲುಕೊನಜೋಲ್ ಎಂಬ ಹೆಸರಿಗೆ ಅವಳು ಮನಸ್ಸಿನಲ್ಲೇ ಕೆಂಪು ಪಟ್ಟಿ ಕಟ್ಟಿಬಿಟ್ಟಳು.

ಹೆಣ್ಣು ಮಗು ಹುಟ್ಟಿತು. ಗುಂಡುಗುಂಡಾಗಿ, ಒಂದು ಹಿಡಿ ಕೂದಲು ಹೊತ್ತುಕೊಂಡು, ಹುಟ್ಟಿದ ಗಳಿಗೆಯಿಂದಲೇ ಹಸಿವು ಹಸಿವು ಎನ್ನುವ ಮಗು. ಅಕ್ಕ ಅದನ್ನು ಬಕಾಸುರಿ ಎಂದು ಕರೆದಳು. ಮೊದಲ ತಿಂಗಳು ಚೆನ್ನಾಗಿಯೇ ಸಾಗಿತು. ಆಮೇಲೆ ತಂಗಿ ಹಾಲೂಡಿಸುವಾಗ ಹಲ್ಲು ಕಚ್ಚತೊಡಗಿದಳು. ಮಗು ಬಿಟ್ಟ ಮೇಲೂ ಮೊಲೆಯೊಳಗೆ ಗಾಜಿನ ಚೂರು ಆಡಿದ ಹಾಗೆ ನೋವು. ತೊಟ್ಟು ಕೆಂಪಗೆ ಹೊಳೆಯುತ್ತಿತ್ತು. ಮಗುವಿನ ಕೆನ್ನೆಯ ಒಳಗೆ, ನಾಲಿಗೆಯ ಮೇಲೆ ಬಿಳಿಯ ಮಚ್ಚೆ. ಹಾಲಿನ ಕೆನೆ ಎಂದುಕೊಂಡು ಒರೆಸಿದರೆ ಹೋಗುವುದಿಲ್ಲ. ತಂಗಿಗೆ ರಾತ್ರಿ ನಿದ್ದೆ ಎಂಬುದು ಮರೆತೇಹೋಗಿತ್ತು. ಪ್ರತಿ ಸಲ ಮಗು ಬಾಯಿ ತೆರೆದಾಗ ಅವಳ ಕಾಲಿನ ಬೆರಳುಗಳು ಮುದುರಿಕೊಳ್ಳುತ್ತಿದ್ದವು.

ಅಕ್ಕ ಬೆಳಗಿನ ಪಾಳಿಯಲ್ಲಿದ್ದ ದಿನ ತಂಗಿ ಒಬ್ಬಳೇ ಮಗುವನ್ನೆತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿಬಂದಳು. ಡಾಕ್ಟರಮ್ಮ ಇಬ್ಬರನ್ನೂ ನೋಡಿ, ಇಬ್ಬರಿಗೂ ಒಂದೇ ಶಿಲೀಂಧ್ರ ಹತ್ತಿದೆ, ಒಬ್ಬರಿಗೆ ಮದ್ದು ಮಾಡಿ ಒಬ್ಬರನ್ನು ಬಿಟ್ಟರೆ ಮತ್ತೆ ಹತ್ತುತ್ತದೆ ಎಂದರಂತೆ. ಮಗುವಿನ ಬಾಯಿಗೆ ಹನಿ ಬರೆದುಕೊಟ್ಟರು. ತಾಯಿಗೆ ಮುಲಾಮು, ಜೊತೆಗೆ ನುಂಗಲು ಮಾತ್ರೆ. ಮೊದಲ ಮಾತ್ರೆಯನ್ನು ತಂಗಿ ಅಲ್ಲೇ, ಕೇಂದ್ರದ ನಲ್ಲಿಯ ನೀರು ಹಿಡಿದು ನುಂಗಿದಳು. ನೋವು ಅಷ್ಟಿತ್ತು.

ಅಕ್ಕ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಮೇಜಿನ ಮೇಲಿದ್ದ ಮಾತ್ರೆಯ ಪಟ್ಟಿಯನ್ನೆತ್ತಿ ಹೆಸರು ಓದಿದಳು.  ಫ್ಲುಕೊನಜೋಲ್. ತಂಗಿ ಆಗಷ್ಟೇ ಮಗುವನ್ನು ಮಡಿಲಿಗೆ ಹಾಕಿಕೊಂಡು ರವಿಕೆಯ ಗುಂಡಿ ಬಿಚ್ಚುತ್ತಿದ್ದಳು. ಅಕ್ಕ ಹೋಗಿ ಮಗುವನ್ನು ಎತ್ತಿಕೊಂಡುಬಿಟ್ಟಳು.

"ಇದನ್ನ ನುಂಗಿದ್ಯಾ?"

ನುಂಗಿದೆ ಎಂದಳು ತಂಗಿ. ಇದೇ ಮಾತ್ರೆಯನ್ನು ಅಂದು ನರ್ಸು ಬೇಡವೇ ಬೇಡ ಎಂದದ್ದು ನೆನಪಿಲ್ಲವೇ ಎಂದು ಅಕ್ಕ ಕೇಳಿದಳು. ಅದು ಬಸುರಿನಲ್ಲಿ, ಈಗ ಹೆರಿಗೆಯಾಗಿದೆಯಲ್ಲ ಎಂದಳು ತಂಗಿ. ಅಕ್ಕ ಮಾತ್ರೆಯ ಡಬ್ಬಿಯೊಳಗಿನ ಚೀಟಿ ಬಿಡಿಸಿ ಬೆಳಕಿಗೆ ಹಿಡಿದಳು. ಗರ್ಭಿಣಿಯರು ಮತ್ತು ಹಾಲೂಡಿಸುವವರು ವೈದ್ಯರ ಸಲಹೆ ಪಡೆಯಬೇಕು ಎಂದು ಒಂದೇ ಸಾಲಿನಲ್ಲಿತ್ತು. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆಂದರೆ ಇಬ್ಬರಿಗೂ ಒಂದೇ ನಿಯಮ ಎಂದು ಅಕ್ಕ ತೀರ್ಮಾನಿಸಿದಳು. ಸಲಹೆ ಪಡೆಯಬೇಕು ಎಂಬ ಮಾತನ್ನು ಅವಳ ಕಣ್ಣು ಹಾರಿಸಿಕೊಂಡು ಹೋಯಿತು.

"ಡಾಕ್ಟರು ಹಾಲು ಕೊಡ್ತಾ ಇರಿ ಅಂದ ಹಾಗಿತ್ತು," ಎಂದಳು ತಂಗಿ.

"ಅಂದ ಹಾಗಿತ್ತೋ, ಅಂದ್ರೋ?"

 ಕೇಂದ್ರದಲ್ಲಿ ಜನ ಕಿಕ್ಕಿರಿದಿದ್ದರು, ಮಗು ಅಳುತ್ತಿತ್ತು, ಅವಳ ಕಣ್ಣು ನಿಂತಲ್ಲೇ ಮುಚ್ಚಿಹೋಗುತ್ತಿತ್ತು. ಡಾಕ್ಟರ ಮಾತಿನಲ್ಲಿ ಅರ್ಧ ಕಿವಿಗೆ ಬಿದ್ದಿತ್ತು, ಅರ್ಧ ಗಾಳಿಗೆ ಹೋಗಿತ್ತು. ಅಂದರು ಎಂದು ಎದೆ ತಟ್ಟಿ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ಹಾಲಿನ ವಿಷಯದಲ್ಲಿ ಅಕ್ಕನ ಮಾತಿಗೆ ಎದುರಾಡಿದವರನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ತೀರ್ಪು ಆಯಿತು. ಹಿಡಿದ ಔಷಧಿ ಅರ್ಧಕ್ಕೆ ಬಿಡುವಂತಿಲ್ಲ, ಹಸುವಿಗೂ ಬಿಡುವಂತಿಲ್ಲ. ಮಾತ್ರೆ ಪೂರ್ತಿ ಮುಗಿಯಲಿ. ಅಲ್ಲಿಯವರೆಗೆ, ಮತ್ತೆ ಅದು ಮೈಯಿಂದ ಇಳಿಯುವವರೆಗೆ ಕೆಲವು ದಿನ, ಎದೆಹಾಲು ಹಿಂಡಿ ಚೆಲ್ಲಬೇಕು. ಮಗುವಿಗೆ ಬಾಟಲಿ. "ನಿನ್ನನ್ನ ಬಾಟಲಿನಲ್ಲೇ ಬೆಳೆಸಿದ್ದು, ಏನ್ ಕಮ್ಮಿ ಆಯ್ತು ನಿಂಗೆ?" ಎಂದು ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೋಗಿ ಪುಡಿಹಾಲಿನ ಡಬ್ಬಿ ತಂದಳು.

ಅವಳಿಗೆ ಕೇಡು ಬಯಸುವ ಮನಸ್ಸಿರಲಿಲ್ಲ. ಬಾಟಲಿಯನ್ನು ಎರಡೆರಡು ಸಲ ಕುದಿಸಿದಳು. ಬೆಳಗಿನಿಂದ ಮಗು ಎಷ್ಟು ಸಲ ಕುಡಿದಿರಬಹುದು, ಎಷ್ಟು ವಿಷ ಒಳಗೆ ಹೋಗಿರಬಹುದು ಎಂದು ಲೆಕ್ಕ ಹಾಕಿದಳು. ನಾನು ರಜೆ ಹಾಕಿ ಜೊತೆಗೆ ಹೋಗಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಳು.

ಬಕಾಸುರಿ ಬಾಟಲಿಗೆ ಸೊಪ್ಪು ಹಾಕಲಿಲ್ಲ. ರಬ್ಬರ್ ತೊಟ್ಟು ಬಾಯಿಗಿಟ್ಟರೆ ನಾಲಿಗೆಯಲ್ಲಿ ಹೊರಗೆ ತಳ್ಳಿ, ಮುಖ ಕೆಂಪಗೆ ಮಾಡಿಕೊಂಡು ಕಿರುಚಿತು. ಬಾಯಿಯೆಲ್ಲ ಹುಣ್ಣಾದ ಮಗು, ಅಮ್ಮನ ವಾಸನೆ ಒಂದು ಮೊಳದ ದೂರದಲ್ಲಿ, ಬಾಯಲ್ಲಿ ಗೊತ್ತಿಲ್ಲದ ರಬ್ಬರು. ಅಕ್ಕ ತೊಟ್ಟು ಬದಲಿಸಿದಳು, ಬಿಸಿ ಬದಲಿಸಿದಳು, ತೊಡೆ ಬದಲಿಸಿದಳು. ಲಾಲಿ ಹಾಡಿದಳು, ಗದರಿದಳು. ಎರಡು ಗುಟುಕು ಇಳಿದರೆ ನಾಲ್ಕು ಗುಟುಕು ಹೊರಗೆ ಬಂತು. ಅತ್ತ ತಂಗಿ ಗೋಡೆಗೆ ಮುಖ ಮಾಡಿ ಕೂತು ಪಾತ್ರೆಗೆ ಹಾಲು ಹಿಂಡುತ್ತಿದ್ದಳು. ಮಗು ಕಿರುಚಿದಾಗಲೆಲ್ಲ ಹಾಲು ತಾನಾಗಿ ಒಸರಿ ರವಿಕೆ ಒದ್ದೆಯಾಗುತ್ತಿತ್ತು. ಪಾತ್ರೆಯನ್ನು ಅಕ್ಕ ತೆಗೆದುಕೊಂಡು ಹೋಗಿ ಅಡುಗೆಮನೆಯ ಸಿಂಕಿನಲ್ಲಿ ಸುರಿದು ನೀರು ಬಿಟ್ಟಳು. ಸುರಿಯುವುದನ್ನು ತಂಗಿ ತಿರುಗಿ ನೋಡಲಿಲ್ಲ. ಸದ್ದು ಮಾತ್ರ ಕೇಳಿಸಿಕೊಂಡಳು.

 ಮಾರನೆಯ ದಿನಕ್ಕೆ ತಂಗಿಯ ಕೈ ಸೋತಿತ್ತು, ಎದೆ ಕಲ್ಲಾಗಿತ್ತು, ಎಷ್ಟು ಹಿಂಡಿದರೂ ಪೂರ್ತಿ ಇಳಿಯುತ್ತಿರಲಿಲ್ಲ. ಅಕ್ಕ ಹತ್ತಿರ ಬಂದು, ಹೀಗಲ್ಲ, ಮೇಲಿನಿಂದ ನೀವಿ ತರಬೇಕು ಎಂದು ಕೈ ಹಾಕಲು ಹೋದಳು. ತಂಗಿ ಸೆರಗು ಎಳೆದುಕೊಂಡಳು.

"ನಾನು ನಿನ್ನ ಶೆಡ್ಡಿನಲ್ಲಿ ನಿಂತಿಲ್ಲ ಅಕ್ಕ."

ಜೋರಾಗಿ ಹೇಳಲಿಲ್ಲ, ಕೋಪದಲ್ಲೂ ಹೇಳಲಿಲ್ಲ. ಅದಕ್ಕೇ ಅದು ಅಕ್ಕನಿಗೆ ನಾಟಿತು. ಆದರೂ ಅವಳು ಸೋಲಲಿಲ್ಲ. ಹಸಿದರೆ ತಾನಾಗಿ ಕುಡಿಯುತ್ತದೆ, ಹಸಿದ ಕರು ಬಕೆಟ್ಟಿಗೆ ಬಾಯಿ ಹಾಕದೆ ಇರುತ್ತದೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮಧ್ಯಾಹ್ನದ ಪಾಳಿಗೆ ಹೊರಟಳು. ಹೊರಡುವಾಗ ಮಗುವಿನ ಚಡ್ಡಿ ಮುಟ್ಟಿ ನೋಡಿದಳು. ಬೆಳಗ್ಗೆ ತೊಡಿಸಿದ್ದು, ಇನ್ನೂ ಒಣಗಿಯೇ ಇತ್ತು. ನೋಡಿದ್ದು ತಲೆಗೆ ಹೋಯಿತು, ಆದರೆ ಅವಳು ಅದನ್ನು ಅಲ್ಲೇ ಒಂದು ಮೂಲೆಗೆ ತಳ್ಳಿದಳು.

ಅವತ್ತು ಶೆಡ್ಡಿಗೆ ಪಶುವೈದ್ಯರು ಬಂದಿದ್ದರು. ಸಣಕಲು ಮನುಷ್ಯ, ಮಾತು ಕಡಿಮೆ, ಹಸುವಿನ ಹಿಂದೆ ನಿಂತಾಗ ಕಾಣುವುದೇ ಇಲ್ಲ. ಅಕ್ಕ ಬಟ್ಟಲು ತೊಳೆಯುತ್ತಾ ಸುತ್ತಿಬಳಸಿ ಕೇಳಿದಳು: ಶಿಲೀಂಧ್ರದ ಔಷಧಿ ಹಾಲಿನಲ್ಲಿ ಇಳಿಯುತ್ತದಲ್ಲವೇ, ಎಷ್ಟು ದಿನ ಇರುತ್ತದೆ. ಯಾವ ಹಸುವಿಗೆ ಎಂದರು ಅವರು. ಹಸುವಿಗಲ್ಲ ಎಂದಳು. ಆಮೇಲೆ ತಡೆಯಲಾರದೆ ಎಲ್ಲವನ್ನೂ ಹೇಳಿದಳು, ಬಾಟಲಿ, ಸಿಂಕು, ಒಣ ಚಡ್ಡಿ.  ವೈದ್ಯರು ಕೈಗವಸು ಕಳಚಿದರು.

"ಮನುಷ್ಯರ ಔಷಧಿ ವಿಷಯ ನಂಗೆ ಗೊತ್ತಿಲ್ಲ, ಗೊತ್ತಿಲ್ಲದ್ದು ಹೇಳಲ್ಲ. ಆದ್ರೆ ಒಂದು ಕೇಳ್ತೀನಿ. ಪಟ್ಟಿ ಎಷ್ಟು ದಿನ ಅಂತ ಇಲ್ಲಿ ಹೇಳೋರು ಯಾರು?"

"ನೀವು."

"ಒಂದೊಂದು ಔಷಧಿಗೆ ಒಂದೊಂದು ಲೆಕ್ಕ. ಕೆಲವಕ್ಕೆ ಪಟ್ಟಿ ಕಟ್ಟೋದೇ ಬೇಡ ಅಂತೀನಿ. ನಿಮ್ಮ ತಂಗಿಗೆ ಪಟ್ಟಿ ಕಟ್ಟು ಅಂದಿದ್ದು ಯಾರು?"

ಅಕ್ಕನ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು. ಇಷ್ಟು ವರ್ಷ ಅವಳು ತನ್ನದು ಎಂದುಕೊಂಡಿದ್ದ ಕಟ್ಟುನಿಟ್ಟೆಲ್ಲ ಇನ್ನೊಬ್ಬರು ಹೇಳಿದ ಲೆಕ್ಕದ ಮೇಲೆ ನಿಂತಿತ್ತು. ಈ ಸಲ ಲೆಕ್ಕ ಹೇಳಿದವರು ಯಾರೂ ಇರಲಿಲ್ಲ. ತಂಗಿಯ ಡಾಕ್ಟರನ್ನು ಒಂದು ಮಾತು ಕೇಳಲೇ ಇಲ್ಲವಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಇಷ್ಟು ಸಣ್ಣ ಮಗು ಉಚ್ಚೆ ಹೊಯ್ಯದೆ ಇದ್ದರೆ ನಾಳೆಯವರೆಗೆ ಕಾಯುವ ಮಾತಲ್ಲ, ಈಗಲೇ ಹೋಗಿ ಎಂದರು ವೈದ್ಯರು. ಕರೆಯುವುದು ಅರ್ಧಕ್ಕೆ ನಿಂತಿತ್ತು. ಪಾಳಿ ಬಿಟ್ಟು ಹೋದದ್ದು ಅವಳ ಜೀವಮಾನದಲ್ಲೇ ಇರಲಿಲ್ಲ. ಬೂಟೂ ಕಳಚದೆ ಅವಳು ಮನೆಯತ್ತ ಓಡಿದಳು. ರಸ್ತೆಯ ಜನ ತಿರುಗಿ ನೋಡಿದರು.

ಮನೆಯ ಮೆಟ್ಟಿಲು ಹತ್ತುವಾಗ ಅವಳಿಗೆ ಕೇಳಬೇಕಾಗಿದ್ದದ್ದು ಮಗುವಿನ ಕಿರುಚಾಟ. ಅದು ಕೇಳಲಿಲ್ಲ. ಎರಡು ದಿನದಿಂದ ತಲೆ ಸಿಡಿಸಿದ ಆ ಸದ್ದು ಈಗೊಮ್ಮೆ ಕೇಳಿದರೆ ಸಾಕು ಎಂದುಕೊಳ್ಳುತ್ತಾ ಅವಳು ಬಾಗಿಲು ತಳ್ಳಿದಳು. ಒಳಗೆ ತಂಗಿ ಜ್ವರದಲ್ಲಿ ಮೈ ಸುಡುತ್ತಾ ಒರಗಿದ್ದಳು. ಮಗು ಪಕ್ಕದಲ್ಲಿ ಕಣ್ಣು ಅರ್ಧ ಮುಚ್ಚಿ ಮಲಗಿತ್ತು. ತುಟಿ ಒಣಗಿತ್ತು, ನೆತ್ತಿಯ ಮೆತ್ತನೆಯ ಜಾಗ ತಗ್ಗಾಗಿತ್ತು. ಆಗಿನಿಂದ ಅಳುತ್ತಲೇ ಇಲ್ಲ, ಸಮಾಧಾನವಾಗಿದೆ ಅನ್ನಿಸುತ್ತದೆ ಎಂದಳು ತಂಗಿ, ಜ್ವರದ ಮಂಪರಿನಲ್ಲಿ. ಅಕ್ಕ ಮಗುವಿನ ಅಂಗಾಲಿಗೆ ಬೆರಳಿನಿಂದ ತಟ್ಟಿದಳು. ಅದು ಕಾಲೆಳೆದುಕೊಂಡಿತು, ಆದರೆ ಅಳಲಿಲ್ಲ. 

ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ತಂಗಿಯ ತೋಳು. ಆಟೋದವನು ಬೂಟಿನ ಸಗಣಿ ನೋಡಿ ಮುಖ ಸಿಂಡರಿಸಿದ, ಆಮೇಲೆ ಮಗುವನ್ನು ನೋಡಿ ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಿದ.

ಕೇಂದ್ರದಲ್ಲಿ ಸಾಲು ಯಾರೂ ಕೇಳಲಿಲ್ಲ. ಡಾಕ್ಟರಮ್ಮ ಮಗುವಿನ ಬಟ್ಟೆ ಬಿಚ್ಚಿ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿ, ನಾಡಿ ನೋಡಿ, ಕಡೆಯ ಸಲ ಹಾಲು ಕುಡಿದದ್ದು ಯಾವಾಗ ಎಂದು ಕೇಳಿದರು. ತಂಗಿ ಅಕ್ಕನ ಕಡೆ ನೋಡಿದಳು. ಅಕ್ಕ ಹೇಳಿದಳು. ಮುಚ್ಚಿಡಲಿಲ್ಲ, ತಿರುಚಲಿಲ್ಲ, ನಾನೇ ನಿಲ್ಲಿಸಿದೆ ಎಂದಳು. ಡಾಕ್ಟರಮ್ಮನಿಗೆ ಬಹುಶಃ ತಂಗಿಯ ವಯಸ್ಸೇ. ಪಿತ್ತ ನೆತ್ತಿಗೇರಿದ್ದು ಮುಖದಲ್ಲೇ ಕಾಣುತ್ತಿತ್ತು, ಮಾತಿನಲ್ಲಿ ಮಾತ್ರ ತಡೆದುಕೊಂಡರು.

"ಈ ಮಾತ್ರೆ ಹಾಲಲ್ಲಿ ಸ್ವಲ್ಪ ಇಳಿಯುತ್ತೆ, ನಿಜ. ಆದ್ರೆ ಇಷ್ಟು ಸಣ್ಣ ಮಕ್ಕಳಿಗೇ ಬೇಕಾದಾಗ ಇದೇ ಔಷಧಿನ ನೇರವಾಗಿ ಕೊಡ್ತೀವಿ. ಹಾಲಲ್ಲಿ ಹೋಗೋದು ಅದಕ್ಕಿಂತ ಕಮ್ಮಿ. ಹಾಲು ಬಿಡಿಸೋ ಅಗತ್ಯವೇ ಇರಲಿಲ್ಲ."

ಬಸುರಿನಲ್ಲಿ ಬೇಡ ಎಂದದ್ದೂ ಸರಿಯೇ, ಈಗ ಕೊಟ್ಟದ್ದೂ ಸರಿಯೇ ಎಂದು ಅವರು ಬಿಡಿಸಿ ಹೇಳಿದರು. ಅಂಗಾಂಗ ಕಟ್ಟಿಕೊಳ್ಳುತ್ತಿರುವ ಕೂಸಿನ ಮಾತು ಬೇರೆ, ಹುಟ್ಟಿ ಹಾಲು ಕುಡಿಯುವ ಕೂಸಿನ ಮಾತು ಬೇರೆ. ಶಿಲೀಂಧ್ರದ ಮಾತ್ರೆಗಳಲ್ಲೇ ಹಾಲೂಡಿಸುವವರಿಗೆ ಕೊಡದಂಥವೂ ಇವೆ. ಹಾಗಾಗಿ ಅನುಮಾನ ಬಂದದ್ದು ತಪ್ಪಲ್ಲ, ಕೇಳದೆ ನಿರ್ಧಾರ ಮಾಡಿದ್ದು ತಪ್ಪು. ನಾನೂ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡಬೇಕಿತ್ತು ಎಂದು ಅವರು ನರ್ಸಿಗೆ ಹೇಳಿದ್ದು ಅಕ್ಕನ ಕಿವಿಗೂ ಬಿತ್ತು. ಅಕ್ಕನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಈಗ ಏನು ಎಂದಳು ತಂಗಿ. ಮೊದಲು ಒಳಕ್ಕೆ ಹಾಲು ಹೋಗಬೇಕು ಎಂದರು ಡಾಕ್ಟರಮ್ಮ. ಸಂಜೆಯೊಳಗೆ ಮಗು ಚೇತರಿಸಿಕೊಂಡು ಉಚ್ಚೆ ಹೊಯ್ಯದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸಿ ರಕ್ತನಾಳಕ್ಕೆ ಸೂಜಿ ಹಾಕಿಸಬೇಕಾಗುತ್ತದೆ. ಎದೆ ಕಟ್ಟಿಕೊಂಡಿದೆ, ಅದು ಖಾಲಿಯಾಗದಿದ್ದರೆ ತಾಯಿಗೂ ಬಾವು ಏರುತ್ತದೆ. ಮಗು ಮತ್ತೆ ಮೊಲೆ ಹಿಡಿಯಬೇಕು. ಹಿಡಿಯುತ್ತದೆಯೋ ಇಲ್ಲವೋ, ನೋಡಬೇಕು.

ನರ್ಸು ತಂಗಿಯ ಹಾಲನ್ನೇ ಬಟ್ಟಲಿಗೆ ತೆಗೆದು, ಸೂಜಿಯಿಲ್ಲದ ಸಿರಿಂಜಿಗೆ ಎಳೆದುಕೊಂಡು, ಮಗುವಿನ ಕೆನ್ನೆಯ ಒಳಬದಿಗೆ ಹನಿಹನಿಯಾಗಿ ಬಿಟ್ಟಳು. ತಾನು ಪಾತ್ರೆಗಟ್ಟಲೆ ಸಿಂಕಿಗೆ ಸುರಿದ ಹಾಲು ಇಲ್ಲಿ ಸಿರಿಂಜಿನ ಗೆರೆ ಎಣಿಸಿ ಎಣಿಸಿ ಇಳಿಯುವುದನ್ನು ಅಕ್ಕ ನೋಡಿದಳು. ಮೊದಲ ಹನಿಗಳು ಬಾಯಂಚಿನಿಂದ ಹೊರಗೆ ಬಂದವು. ಆಮೇಲೆ ಒಂದು ಸಲ ಗಂಟಲು ಅಲ್ಲಾಡಿತು. ಇನ್ನೊಂದು ಸಲ ಅಲ್ಲಾಡಿತು. ಬಹಳ ಹೊತ್ತಾದ ಮೇಲೆ ಮಗು ಕಣ್ಣು ಬಿಟ್ಟು, ಬೆಕ್ಕಿನ ಮರಿಯ ಹಾಗೆ ಸಣ್ಣದಾಗಿ ಅತ್ತಿತು.

ಎದೆಗಿಟ್ಟರೆ ಮಾತ್ರ ಮುಖ ತಿರುಗಿಸಿತು. ಗಟ್ಟಿಯಾದ ಎದೆ, ಹುಣ್ಣಾದ ಬಾಯಿ, ಎರಡು ದಿನದ ಗುದ್ದಾಟದ ನೆನಪು. ತಂಗಿ ಮತ್ತೆ ಹತ್ತಿರ ತಂದಳು, ಮಗು ಮತ್ತೆ ತಿರುಗಿಸಿತು. ತಂಗಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅಕ್ಕನಿಗೆ ನೋಡುತ್ತಾ ನಿಲ್ಲಲಾಗಲಿಲ್ಲ. ತಲೆ ಇಷ್ಟು ಎತ್ತಬೇಕು, ಗಲ್ಲ ಒಳಗೆ ತರಬೇಕು ಎನ್ನುತ್ತಾ ಅವಳ ಕೈ ತಾನಾಗಿ ಮುಂದೆ ಹೋಯಿತು.

"ಕೈ ತೆಗಿ ಅಕ್ಕ. ಸ್ವಲ್ಪ ಹೊತ್ತು ಹೊರಗಿರು."

ಅಕ್ಕ ಕೈ ತೆಗೆದಳು. ಹೊರಗೆ ಹೋದಳು. ತಂಗಿ ಅವಳನ್ನು ಹೊರಗೆ ಕಳಿಸಿದ್ದು ಇದೇ ಮೊದಲು. ಇವಳಿಗೆ ಜ್ವರ ಬಂದಾಗ, ಹಲ್ಲು ಬಿದ್ದಾಗ, ಮೊದಲ ಸಲ ಮುಟ್ಟಾದಾಗ, ಹೆರಿಗೆಯ ನೋವು ತಿಂದಾಗ ಎಲ್ಲದಕ್ಕೂ ಪಕ್ಕದಲ್ಲಿದ್ದವಳು ಅವಳು. ಈಗ ಓಣಿಯ ಬೆಂಚಿನ ಮೇಲೆ, ಬಾಗಿಲಿನ ಆಚೆ. ನೆಲ ಒರೆಸುವವಳು ಬಂದು ಬೂಟು ಎತ್ತಿಕೊಳ್ಳಿ ಎಂದಾಗ ಕಾಲೆತ್ತಿದಳು, ಇಳಿಸಲು ಮರೆತು ಹಾಗೇ ಕೂತಳು.

ಬಾಗಿಲಿನ ಹಿಂದೆ ಮಗು ಅತ್ತಿತು, ನಿಲ್ಲಿಸಿತು, ಮತ್ತೆ ಅತ್ತಿತು. ಆಮೇಲೆ ಸದ್ದು ಪೂರ್ತಿ ನಿಂತುಹೋಯಿತು. ಶೆಡ್ಡಿನ ಈ ತುದಿಯಲ್ಲಿ ನಿಂತು ಆ ತುದಿಯ ಯಾವ ಹಸುವಿನ ಕೆಚ್ಚಲಿನಿಂದ ಯಂತ್ರದ ಬಟ್ಟಲು ಜಾರಿದೆ ಎಂದು ಸದ್ದಿನಲ್ಲೇ ಹೇಳುತ್ತಿದ್ದವಳಿಗೆ ಈ ಮೌನದ ಅರ್ಥ ತಿಳಿಯಲಿಲ್ಲ. ಕುಡಿಯುತ್ತಿರುವ ಮೌನವೋ, ಮಧ್ಯಾಹ್ನ ಮನೆಯಲ್ಲಿದ್ದಂಥ ಮೌನವೋ. ಅವಳು ಎದ್ದು ಚಿಲಕದ ಮೇಲೆ ಕೈಯಿಟ್ಟಳು. ಒಂದು ಇಂಚು ತೆರೆದು ಇಣುಕಿದರೆ ಮುಗಿಯಿತು. ಆದರೆ ತೆರೆದರೆ ಮಗು ಬೆಚ್ಚಿ ಮೊಲೆ ಬಿಟ್ಟರೆ? ತಂಗಿ ಮುಖವೆತ್ತಿ ಮತ್ತೆ ನೀನಾ ಎಂಬಂತೆ ನೋಡಿದರೆ? ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನನ್ನ ಆಯುಸ್ಸು ಬೇಕಾದರೆ ತಗೋ, ಅದಕ್ಕೇನೂ ಆಗದಿರಲಿ ಎಂದು ಯಾರಿಗೋ ಹೇಳಿಕೊಂಡಳು. ಅಷ್ಟು ಭಯ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಕೊನೆಗೆ ನರ್ಸು ಖಾಲಿ ಬಟ್ಟಲು ಹಿಡಿದು ಹೊರಗೆ ಬಂದಳು. ಅಕ್ಕ ದಾರಿಗೆ ಅಡ್ಡ ನಿಂತಳು. ನರ್ಸು ಅವಳ ಮುಖ ನೋಡಿ, ಬಾಗಿಲನ್ನು ತೆರೆದೇ ಬಿಟ್ಟು ಮುಂದೆ ಹೋದಳು.

ತಂಗಿ ಗೋಡೆಗೆ ತಲೆಯಾನಿಸಿ ಕೂತಿದ್ದಳು, ನೋವಿಗೆ ಕೆಳತುಟಿ ಕಚ್ಚಿಕೊಂಡು. ಮಡಿಲಲ್ಲಿ ಮಗು ಮೊಲೆ ಹಿಡಿದಿತ್ತು. ದವಡೆ ಎರಡು ಸಲ ಆಡಿ ನಿಲ್ಲುತ್ತಿತ್ತು, ಗುಟುಕು ಇಳಿಯುತ್ತಿತ್ತು, ಮತ್ತೆ ಆಡುತ್ತಿತ್ತು. ಒಂದು ಮುಷ್ಟಿಯಲ್ಲಿ ತಾಯಿಯ ಸೆರಗು. ಮಡಿಲ ಕೆಳಗಿನ ಬಟ್ಟೆ ಒದ್ದೆಯಾಗಿತ್ತು, ಅದು ಹಾಲಿನದಲ್ಲ.

ಅಕ್ಕ ಹೊಸಿಲಿನಲ್ಲೇ ನಿಂತಳು. ಒಳಗೆ ಹೋಗುವ ಹಕ್ಕು ತನಗೆ ಉಳಿದಿದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

"ತಪ್ಪಾಯ್ತು," ಎಂದಳು.

ತಂಗಿ ಕಣ್ಣು ಮುಚ್ಚಿಕೊಂಡೇ ಮಗುವಿನ ಬೆನ್ನು ಸವರಿದಳು. 

"ಇನ್ಮೇಲೆ ಇವಳ ವಿಷಯ ಏನೇ ಇದ್ರೂ ಡಾಕ್ಟರನ್ನ ನಾನೇ ಕೇಳ್ತೀನಿ. ನಾನೇ ನಿರ್ಧಾರ ಮಾಡ್ತೀನಿ."

"ಮಾಡು."

"ನೀನು ಪಕ್ಕದಲ್ಲಿ ಕೂತಿರು, ಸಾಕು."

ಅಕ್ಕ ಓಣಿಯಲ್ಲೇ ಬೂಟು ಕಳಚಿಟ್ಟು, ಬರಿಗಾಲಲ್ಲಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು. ಮಗುವಿನ ತಲೆ ಇನ್ನೊಂಚೂರು ಮೇಲಿರಬೇಕಿತ್ತು. ಅವಳು ಹೇಳಲಿಲ್ಲ. ತಂಗಿಯೇ ಸ್ವಲ್ಪ ಹೊತ್ತಿಗೆ ಮೊಣಕೈ ಸರಿಸಿ, ಅದನ್ನು ಮೇಲಕ್ಕೆ ತೆಗೆದುಕೊಂಡಳು.